ಮೊದಲ ಸೆಮಿ ಆಟೋ ರೈಫಲ್ ಯಾವ್ದು ತಗೊಳ್ಲಿ? (ಎಡಗೈ, ರೇಂಜಿಗೆ ಮಾತ್ರ, ಗುಂಡೆಲ್ಲ ಕೆಳಗೆ ಹೋಗ್ತಿದೆ)

ಎಡಗೈ_ಗುರಿ:
ನಮಸ್ಕಾರ ಎಲ್ರಿಗೂ. ಒಂದು ವರ್ಷದಿಂದ ರೇಂಜಿಗೆ ಹೋಗ್ತಿದೀನಿ, ಇಷ್ಟು ದಿನ ಅಲ್ಲಿನ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಲಿ ಬೋಲ್ಟ್ ಎಳೆಯೋದು) ಟೂಟೂನೇ (.22, ಸಣ್ಣ ಗುಂಡಿಂದು) ಹೊಡೀತಿದ್ದೆ, ಈಗ ಸ್ವಂತಕ್ಕೆ ಅಂತ ಒಂದು ಸೆಮಿ ಆಟೋ (ಟ್ರಿಗರ್ ಒತ್ತಿದಾಗೆಲ್ಲ ಒಂದು ಗುಂಡು, ಮುಂದಿನದು ತಾನಾಗೇ ಬರೋದು) ತಗೊಳ್ಳೋಣ ಅಂತಿದೀನಿ. ಲೈಸೆನ್ಸ್ ಕೆಲಸ ಮುಗಿದಿದೆ, ಅದ್ರ ಬಗ್ಗೆ ಕೇಳ್ತಿಲ್ಲ. ತಲೇಲಿ ಮೂರು ಓಡ್ತಿದೆ: ರೂಗರ್ 10/22 ಥರದ ಟೂಟೂ, ಇಲ್ಲಾಂದ್ರೆ .223ರ (ಟೂಟೂಗಿಂತ ತುಂಬಾ ಜೋರಿನ ರೈಫಲ್ ಗುಂಡು) ಎಆರ್-15 ಮಾದರಿ, ಇಲ್ಲಾಂದ್ರೆ 9 ಎಂಎಂ ಕಾರ್ಬೈನ್ (ಪಿಸ್ತೂಲ್ ಗುಂಡು ಹಾಕೋ ಗಿಡ್ಡ ರೈಫಲ್). ಬೇಟೆ ಇಲ್ಲ, ಸ್ಪರ್ಧೆ ಇಲ್ಲ, ಕಾಗದ ತೂತು ಮಾಡೋದಷ್ಟೇ. ತಿಂಗಳಿಗೆ ಮೂರ್ನಾಲ್ಕು ಸಲ ಹೋಗ್ತೀನಿ, ಹೋದಾಗೆಲ್ಲ 150-200 ಗುಂಡು ಖಾಲಿ ಆಗುತ್ತೆ. 25 ಮೀಟರ್ ಒಳಗಿಂದು, 100 ಮೀಟರ್ ಬಯಲಿಂದು, ಎರಡೂ ಸಿಗುತ್ತೆ.

ತೊಂದ್ರೆ ಏನಂದ್ರೆ ಹೋದ ವಾರ ಬಾಡಿಗೆ ಎಆರ್ ಒಂದು ಹೊಡೆದು ನೋಡ್ದೆ, 50 ಮೀಟರಲ್ಲಿ ಗುಂಡೆಲ್ಲ ಕೆಳಗೆ, ಅದೂ ಒಂದೊಂದು ಒಂದೊಂದು ಕಡೆ. ಅದೇ ದೂರಕ್ಕೆ ಬೋಲ್ಟ್ ಟೂಟೂನಲ್ಲಿ ಐದಕ್ಕೆ ಐದೂ ಬಾಟ್ಲಿ ಮುಚ್ಚಳದೊಳಗೆ ಹೋಗುತ್ತೆ. ಗನ್ನೇ ಸರಿ ಇಲ್ವಾ, ಇಲ್ಲ ಸೈಟ್ ಅಲ್ಲಾಡಿದ್ಯಾ? ಇನ್ನೊಂದು, ನಾನು ಎಡಚ. ಬಿಸಿ ಖಾಲಿ ಕೇಸ್ ಒಂದು ಸೀದಾ ಕಾಲರ್ ಒಳಗೆ ಬಿತ್ತು ಸಾರ್, ಕುಣಿದಾಡ್ಬಿಟ್ಟೆ, ಪುಣ್ಯಕ್ಕೆ ಗನ್ ಕೆಳಗಿಟ್ಟು ಕುಣಿದೆ.

ಖಾಲಿಕೇಸ್:
ಗನ್ ಆರಿಸೋಕೆ ಮುಂಚೆ ನಿಮ್ಮ ರೇಂಜಿನ ರೂಲ್ಸ್ ಬೋರ್ಡ್ ಪೂರ್ತಿ ಓದಿ, ಇದನ್ನ ಯಾರೂ ಮಾಡಲ್ಲ. ಒಳಗಿನ ರೇಂಜ್ ಸುಮಾರು ಕಡೆ ಹಿಂದಿನ ಗುಂಡು ಹಿಡಿಯೋ ಗೋಡೆ ಪಿಸ್ತೂಲ್ ಗುಂಡಿಗೆ ಮತ್ತೆ ಟೂಟೂಗೆ ಅಂತ ಕಟ್ಟಿರ್ತಾರೆ, .223 ಬಿಡಲ್ಲ. ಬಿಟ್ರೂ ಮ್ಯಾಗ್ನೆಟ್ ಹಿಡಿದು ಚೆಕ್ ಮಾಡ್ತಾರೆ, ಗುಂಡಿಗೆ ಅಂಟಿದ್ರೆ ವಾಪಸ್. ಮೇಲೆ ತಾಮ್ರದ ಬಣ್ಣ ಒಳಗೆ ಉಕ್ಕಿನ ಜಾಕೆಟ್ ಇರೋವು, ಹಸಿರು ತುದಿಯ 62 ಗ್ರೇನ್ (ಗುಂಡಿನ ತೂಕದ ಅಳತೆ) ಎಂ855, ಇವೆಲ್ಲ ಅದ್ರಲ್ಲಿ ಸಿಕ್ಕಾಕೊಳ್ತವೆ. ಕಿಡಿ ಹಾರುತ್ತೆ, ಉಕ್ಕಿನ ಟಾರ್ಗೆಟ್ಟಲ್ಲಿ ಕುಳಿ ಬೀಳುತ್ತೆ, ಅದಕ್ಕೆ ಆ ರೂಲು. ಸೋ ನಿಮಗೆ ಸಿಗೋ ಗುಂಡು ಯಾವ್ದು, ರೇಂಜ್ ಒಪ್ಪೋದು ಯಾವ್ದು, ಎರಡೂ ಸೇರೋ ಜಾಗದಲ್ಲಿ ಗನ್ ಹುಡುಕಿ.

ಇದನ್ನ ಓದೋ ಬೇರೆಯವರಿಗೆ: ಸೆಮಿ ಆಟೋ ಅಂದ್ರೆ ಎಲ್ಲಾ ಕಡೆ ಒಂದೇ ಕಾನೂನಲ್ಲ. ಬ್ರಿಟನ್ನಲ್ಲಿ 1988ರ ಕಾಯ್ದೆ ಆದ್ಮೇಲೆ ಸಾಮಾನ್ಯ ಜನಕ್ಕೆ ಸೆಮಿ ಆಟೋ ರೈಫಲ್ ಅಂದ್ರೆ ಟೂಟೂ ರಿಮ್‌ಫೈರ್ (ಪಿನ್ ಕೇಸಿನ ಅಂಚಿಗೆ ಬಡಿಯೋ ಥರದ್ದು) ಅಷ್ಟೇ. ನ್ಯೂಜಿಲೆಂಡಲ್ಲಿ 2019ರಲ್ಲಿ ಹೆಚ್ಚಿನ ಸೆಮಿ ಆಟೋ ನಿಷೇಧ ಆಯ್ತು, ಆಗ್ಲೂ 10 ಗುಂಡಿನ ಮ್ಯಾಗಜಿನ್ನಿನ ಟೂಟೂ ಉಳ್ಕೊಳ್ತು. ಆಸೆ ಪಡೋಕೆ ಮುಂಚೆ ನಿಮ್ಮಲ್ಲಿ ಏನಿದೆ ಅಂತ ನೋಡ್ಕೊಳಿ.

ಸ್ಪ್ರಿಂಗ್‌ಮಾಮ:
ಎಡಗೈ ಅವ್ರೇ, ಗನ್ ಸರಿ ಇದೆ. ಸೈಟ್ ಅಲ್ಲಾಡಿದ್ರೆ ಗುಂಡೆಲ್ಲ ಒಟ್ಟಿಗೆ ಇನ್ನೊಂದು ಕಡೆ ಹೋಗುತ್ತೆ, ಚದುರಲ್ಲ. ಕೆಳಗೂ ಹೋಗಿ ಚದುರಿದೆ ಅಂದ್ರೆ ನೀವು ಬೆಚ್ತಿದೀರ, ಅಂದ್ರೆ ಸದ್ದು ಬರೋಕೆ ಮುಂಚೆನೇ ಹೆದರಿ ಮೂತಿ ಕೆಳಗೆ ತಳ್ತಿದೀರ. ಬೇಜಾರಾಗ್ಬೇಡಿ, ಎಲ್ರೂ ಬೆಚ್ತಾರೆ, ನಾನು ಎರಡು ವರ್ಷ ಬೆಚ್ಚಿ ಅದಕ್ಕೆ ಮೂರು ಸ್ಕೋಪ್ ಬದಲಾಯಿಸಿದೀನಿ.

ಒಂದು ಟೆಸ್ಟ್ ಮಾಡಿ. ಗೆಳೆಯರ ಹತ್ರ ಮ್ಯಾಗಜಿನ್ ತುಂಬಿಸಿ, ಏಳೆಂಟು ಗುಂಡಿನ ಮಧ್ಯೆ ಎಲ್ಲಾದ್ರೂ ಎರಡು ಡಮ್ಮಿ (ಮದ್ದಿಲ್ಲದ ಗುಂಡು) ಸೇರಿಸೋಕೆ ಹೇಳಿ, ಎಲ್ಲಿ ಅಂತ ನಿಮಗೆ ಗೊತ್ತಾಗಬಾರ್ದು. ಹೊಡೀತಾ ಹೋಗಿ, ಡಮ್ಮಿ ಬಂದಾಗ ಟಕ್ ಅಂತ ಸದ್ದಾಗುತ್ತಲ್ಲ, ಆಗ ಬ್ಯಾರೆಲ್ ಮೂತಿ ಏನ್ ಮಾಡ್ತು ಅಂತ ಪಕ್ಕದೋರು ನೋಡ್ಲಿ. ಆದ್ರೆ ಟಕ್ ಅಂದ ತಕ್ಷಣ ಡಮ್ಮಿನೇ ಅಂದ್ಕೊಂಡು ಬೋಲ್ಟ್ ಎಳೀಬೇಡಿ, ನಿಜವಾದ ಗುಂಡು ತಡವಾಗಿ ಹೊತ್ಕೊಳ್ಳೋದೂ ಉಂಟು. ಮೂತಿ ಗುರಿ ಕಡೇನೇ ಇಟ್ಟು 30 ಸೆಕೆಂಡ್ ಕಾಯಿರಿ, ಆಮೇಲೆ ತೆಗೀರಿ.

.223 ಭುಜಕ್ಕೆ ಅಂಥಾ ಒದೆ ಏನೂ ಕೊಡಲ್ಲ. ಹೆದರ್ಸೋದು ಸದ್ದು. ಟೂಟೂಗೂ ಅದಕ್ಕೂ ಶಕ್ತಿಯಲ್ಲಿ ಹತ್ತು ಪಟ್ಟು ಅಂತರ ಇದೆ, ಟೂಟೂ ಸುಮಾರು 170 ಜೂಲ್ ಇದ್ರೆ ಅದು 1700ರ ಹತ್ರ. ಸೂರಿನ ಕೆಳಗೆ ನಿಂತ್ಕೊಂಡು 16 ಇಂಚಿನ ಬ್ಯಾರೆಲ್ಲಲ್ಲಿ ಹೊಡೆದ್ರೆ ಎದೆಗೇ ಗುದ್ದಿದ ಹಾಗಾಗುತ್ತೆ, ಕಣ್ಣು ತಾನಾಗೇ ಮುಚ್ಕೊಳ್ಳುತ್ತೆ. ಕಿವಿಗೆ ಪ್ಲಗ್ ಹಾಕಿ ಅದ್ರ ಮೇಲೆ ಮಫ್ ಹಾಕಿ. ಒಂದೇ ಹೊಡೆತದ ಸದ್ದು 140 ಡೆಸಿಬಲ್ ದಾಟಿದ್ರೆ ಕಿವಿಗೆ ಏಟು ಅಂತ ಲೆಕ್ಕ, .223 ಅದನ್ನ ಆರಾಮಾಗಿ ದಾಟುತ್ತೆ, ಒಂದು ಸಲ ಹೋದ ಕಿವಿ ವಾಪಸ್ ಬರಲ್ಲ.

ಹತ್ತಕ್ಕೆ_ಹತ್ತು:
ನಾನು ಸ್ವಲ್ಪ ಉಲ್ಟಾ ಹೇಳ್ತೀನಿ. ಟೂಟೂ ತಗೊಂಡ್ರೆ ಆರು ತಿಂಗಳಿಗೆ ಹೇಗೂ ಎಆರ್ ಬೇಕು ಅನ್ಸುತ್ತೆ, ಒಂದೇ ಸಲ ತಗೊಂಡ್ಬಿಡಿ. ಎಡಚರಿಗೂ ಅದೇ ವಾಸಿ, ಎಂ16ಎ2 (ಎಆರಿನ ಸೈನ್ಯದ ಮಾದರಿ) ಕಾಲದಿಂದ ಕೇಸ್ ಹಾರೋ ಕಿಟಕಿ ಹಿಂದೆ ಒಂದು ದಿಬ್ಬ ಕೊಟ್ಟಿದಾರೆ, ಕೇಸ್ ಅದಕ್ಕೆ ತಾಗಿ ಮುಖ ಬಿಟ್ಟು ಪಕ್ಕಕ್ಕೆ ಹೋಗುತ್ತೆ (ನಿಮ್ ಕಾಲರಿಗೆ ಹೆಂಗ್ ಬಿತ್ತೋ, ಪಕ್ಕದ ಬೂತಿಂದು ಇರ್ಬಹುದು). ಸೇಫ್ಟಿ ಎರಡೂ ಕಡೆ ಇರೋದು ಹಾಕಿಸ್ಕೊಳ್ಳೋದು ಸುಲಭ.

ನೋಡೋದು ಮೂರೇ. ಚೇಂಬರ್ (ಬ್ಯಾರೆಲ್ಲಲ್ಲಿ ಗುಂಡು ಕೂರೋ ಜಾಗ) 5.56 (.223ರದ್ದೇ ಅಳತೆಯ ಸೈನ್ಯದ ಗುಂಡು) ಅಂತಿದ್ರೆ .223 ಗುಂಡೂ ಹಾಕ್ಬಹುದು, ಬರೀ .223 ಅಂತಿದ್ರೆ 5.56 ಹಾಕ್ಬೇಡಿ, ಗುಂಡು ರೈಫ್ಲಿಂಗಿಗೆ (ಬ್ಯಾರೆಲ್ ಒಳಗಿನ ಸುರುಳಿ ಗೀರು) ಬೇಗ ತಾಗಿ ಒತ್ತಡ ಜಾಸ್ತಿ ಆಗುತ್ತೆ. ವೈಲ್ಡ್ ಅಂತ ಒಂದು ಚೇಂಬರ್ ಇದೆ, ಅದು ಎರಡಕ್ಕೂ ಆಗುತ್ತೆ. ಎರಡನೇದು ಟ್ವಿಸ್ಟ್, ಅಂದ್ರೆ ಆ ಸುರುಳಿ ಎಷ್ಟು ಇಂಚಿಗೆ ಒಂದು ಸುತ್ತು ಅನ್ನೋದು, 8 ಇಂಚಿಗೆ ಒಂದು ಸುತ್ತು ಇದ್ರೆ 55 ಗ್ರೇನಿಂದ 77 ಗ್ರೇನ್ ತನಕ ಎಲ್ಲಾ ನಡೆಯುತ್ತೆ. ಮೂರನೇದು, 16 ಇಂಚಿನ ಬ್ಯಾರೆಲ್ಲಿಗೆ ಮಿಡ್ ಲೆಂತ್ ಗ್ಯಾಸ್ (ಬ್ಯಾರೆಲ್ಲಿಂದ ಗ್ಯಾಸ್ ತಂದು ಬೋಲ್ಟ್ ತಳ್ಳೋ ಕೊಳವೆ ಉದ್ದ ಇರೋದು) ಸಿಕ್ರೆ ಅದನ್ನೇ ತಗೊಳಿ, ಗಿಡ್ಡ ಕಾರ್ಬೈನ್ ಗ್ಯಾಸಿಗಿಂತ ಮೆತ್ತಗೆ ಹೊಡೆಯುತ್ತೆ. ಗುಂಡಿನ ಖರ್ಚು ಜಾಸ್ತಿ ಅನ್ನೋರು ಟೂಟೂ ಕನ್ವರ್ಷನ್ ಬೋಲ್ಟ್ ಹಾಕ್ಕೊಂಡು ಅದೇ ಗನ್ನಲ್ಲಿ ಟೂಟೂ ಗುಂಡು ಹೊಡೀಬಹುದು.

ಸ್ಪ್ರಿಂಗ್‌ಮಾಮ:
ಕನ್ವರ್ಷನ್ ಬೋಲ್ಟ್ ನನ್ನ ಹತ್ರ ಇದೆ ಗುರು. ಟೂಟೂ ಗುಂಡಿಗೆ ಬೇಕಾದ್ದು 16 ಇಂಚಿಗೆ ಒಂದು ಸುತ್ತು, ಎಆರ್ ಬ್ಯಾರೆಲ್ ಅದ್ರ ಎರಡು ಪಟ್ಟು ಜೋರಾಗಿ ತಿರುಗಿಸುತ್ತೆ, ಡಬ್ಬ ಬೀಳಿಸೋಕೆ ಓಕೆ, ಗ್ರೂಪ್ (ಗುಂಡೆಲ್ಲ ಎಷ್ಟು ಹತ್ರ ಹತ್ರ ಬಿತ್ತು ಅನ್ನೋದು) ನೋಡೋಕೆ ಅಲ್ಲ. ಮೇಲಿಂದ ಸೀಸದ ಮಸಿ ಎಲ್ಲ ಗ್ಯಾಸ್ ಪೋರ್ಟ್ ಕಡೆ ಹೋಗಿ ಕೂರುತ್ತೆ. ಬೆಚ್ಚೋ ಮನುಷ್ಯನಿಗೆ ಏನ್ ಬೇಕು? ಸಾವಿರಾರು ಗುಂಡು, ಸದ್ದಿಲ್ದೆ. ಅದು ಟೂಟೂ.

ಬೆಂಚ್‌ರೆಸ್ಟ್:
9 ಎಂಎಂ ಬಗ್ಗೆ ಯಾರೂ ಮಾತಾಡ್ಲಿಲ್ಲ, ನಾನು ಹೇಳ್ತೀನಿ. ಹತ್ರ ಹತ್ರ ಉಕ್ಕಿನ ತಟ್ಟೆ ಬೀಳಿಸೋಕೆ ಮಜಾ ಇದೆ, ಒಳಗಿನ ರೇಂಜಲ್ಲೂ ಬಿಡ್ತಾರೆ. ಆದ್ರೆ ಹೆಚ್ಚಿನವು ಬ್ಲೋಬ್ಯಾಕ್, ಅಂದ್ರೆ ಬೋಲ್ಟಿಗೆ ಬೀಗ ಇಲ್ಲ, ತೂಕದಿಂದ್ಲೇ ತಡ್ಕೊಳ್ಬೇಕು, ಆ ಭಾರದ ಬೋಲ್ಟ್ ಹಿಂದಕ್ಕೆ ಹೋಗಿ ಗುದ್ದೋದು .223 ಎಆರಿಗಿಂತ ಒರಟಾಗಿ ಅನ್ಸುತ್ತೆ, ಪಿಸ್ತೂಲ್ ಗುಂಡು ಮೆತ್ತಗಿರುತ್ತೆ ಅಂದ್ಕೊಂಡು ತಗೊಂಡೋರಿಗೆಲ್ಲ ಆಶ್ಚರ್ಯ. 100 ಮೀಟರಿಗೆ ನಿಮಗೆ ಸುಮ್ನೆ ಬೇಜಾರಾಗುತ್ತೆ. ಬಿಡಿ ಅದನ್ನ.

ಟೂಟೂನೂ 100 ಮೀಟರಿಗೆ ಹೊಡೀಬಹುದು, 50ಕ್ಕೆ ಜೀರೋ ಮಾಡಿದ್ರೆ (ಆ ದೂರಕ್ಕೆ ಸೈಟ್ ಸರಿ ಕೂರಿಸಿದ್ರೆ) 100ರಲ್ಲಿ ಮುಕ್ಕಾಲು ಗೇಣು ಕೆಳಗೆ ಬೀಳುತ್ತೆ, ಗಾಳಿ ಬಂದ್ರೆ ಪಕ್ಕಕ್ಕೂ ಹೋಗುತ್ತೆ. ಕಲಿಯೋಕೆ ಅದೇ ಒಳ್ಳೇದು. ಒಂದು ಕಿರಿಕ್ ಇದೆ. ಗುರಿಗೆ ಚೆನ್ನಾಗಿರೋದು ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡು, ಸೆಕೆಂಡಿಗೆ 1070 ಅಡಿ ಆಸುಪಾಸು, ಶುರುವಿಂದಾನೇ ಶಬ್ದಕ್ಕಿಂತ ನಿಧಾನ. ಹೈ ವೆಲಾಸಿಟಿ 1200 ದಾಟಿ ಹೊರಟು ದಾರೀಲಿ ಶಬ್ದದ ವೇಗಕ್ಕಿಂತ ಕೆಳಗೆ ಇಳಿಯುತ್ತೆ, ಆ ಇಳಿಯೋ ಜಾಗದಲ್ಲಿ ಗುಂಡು ಸ್ವಲ್ಪ ತೂರಾಡಿ ಗ್ರೂಪ್ ಬಿಚ್ಕೊಳ್ಳುತ್ತೆ. ಆದ್ರೆ ಸೆಮಿ ಆಟೋ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗೋಕೆ ಆ ಜೋರೇ ಬೇಕು. ಹೊಸ ಗನ್ನಿಗೆ ಮೊದಲ ನಾಲ್ಕೈದು ನೂರು ಹೈ ವೆಲಾಸಿಟಿನೇ ಹಾಕಿ, ಸ್ಪ್ರಿಂಗ್ ಪಳಗ್ಲಿ, ಆಮೇಲೆ ನಾಲ್ಕು ಥರದ ಡಬ್ಬಿ ತಂದು ನಿಮ್ಮ ಗನ್ನಿಗೆ ಯಾವ್ದು ಹಿಡಿಸುತ್ತೆ ನೋಡಿ.

10/22 ಬಂದಿದ್ದು 1964ರಲ್ಲಿ, ಅವತ್ತಿಂದ ಆ ಸುತ್ತೋ 10 ಗುಂಡಿನ ಮ್ಯಾಗಜಿನ್ ಹಾಗೇ ಇದೆ, ಬಿಡಿಭಾಗ ಎಲ್ಲಾ ಕಡೆ ಸಿಗುತ್ತೆ. ಎಆರ್ ಥರಾನೇ ಕೈಗೆ ಕೂರಬೇಕು ಅಂದ್ರೆ ಸ್ಮಿತ್ ವೆಸ್ಸನ್ 15-22 ಅನ್ನೋ ಟೂಟೂ ಇದೆ, ಸೇಫ್ಟಿ, ಮ್ಯಾಗ್ ಬಟನ್ ಎಲ್ಲ ಎಆರಿಂದೇ ಜಾಗದಲ್ಲಿ. ಎರಡೂ ಕೈಗೆ ತಗೊಂಡು ನೋಡಿ, ಎಡಗಡೆಯಿಂದ.

ಎಡಗೈ_ಗುರಿ:
ಸ್ಪ್ರಿಂಗ್‌ಮಾಮ ನಿಮ್ ಕಾಲಿಗೆ ಬಿದ್ದೆ. ಗೆಳೆಯ ಮ್ಯಾಗಜಿನ್ ತುಂಬಿ ಕೊಟ್ಟ, ಮೂರನೇದು ಟಕ್ ಅಂತು ಅಷ್ಟೇ, ಬ್ಯಾರೆಲ್ ಮೂತಿ ನಾಯಿ ನೀರು ಕುಡಿಯೋಕೆ ಬಗ್ಗಿದ ಹಾಗೆ ಬಗ್ಗಿಬಿಡ್ತು. ರೇಂಜ್ ಆಫೀಸರ್ ನಕ್ಕುಬಿಟ್ರು. ನಾನೂ ನಕ್ಕೆ, ಒಳಗೊಳಗೆ ಅಲ್ಲ. ಪ್ಲಗ್ ಪ್ಲಸ್ ಮಫ್ ಹಾಕ್ಕೊಂಡ್ಮೇಲೆ ಅರ್ಧ ಕಮ್ಮಿ ಆಯ್ತು, ಪೂರ್ತಿ ಹೋಗಿಲ್ಲ. ಟೂಟೂ ಅಂತ ತೀರ್ಮಾನ. ಒಳಗಿನ ರೇಂಜಲ್ಲಿ .223 ಬಿಡಲ್ಲ ಅಂತ ಬೋರ್ಡಲ್ಲೇ ಇದೆ, ಒಂದು ವರ್ಷ ಆ ಬೋರ್ಡ್ ಕೆಳಗೇ ನಿಂತ್ಕೊಂಡು ಚಹಾ ಕುಡಿದಿದೀನಿ.

ಎಡಗೈ_ಗುರಿ (ಮೂರು ವಾರ ಆದ್ಮೇಲೆ):
ತಗೊಂಡೆ. ಯಾವ ಕಂಪನಿ ಅಂತ ಹೇಳಲ್ಲ, ಇಲ್ಲಿ ಜಗಳ ಶುರುವಾಗುತ್ತೆ. ಈಗ ಹೊಸ ಕಾಟ. ಹತ್ತು ಗುಂಡಿಗೆ ಒಂದೆರಡು ಸಲ ಖಾಲಿ ಕೇಸ್ ಹೊರಗೆ ಹೋಗ್ದೆ ಕಿಟಕೀಲಿ ಚಿಮಣಿ ಥರ ನೆಟ್ಟಗೆ ನಿಂತ್ಕೊಳ್ಳುತ್ತೆ, ಬೋಲ್ಟ್ ಅದನ್ನ ಕಚ್ಕೊಂಡು ನಿಲ್ಲುತ್ತೆ. ಹೈ ವೆಲಾಸಿಟಿ 40 ಗ್ರೇನೇ ಹಾಕ್ತಿರೋದು. ಚೇಂಬರ್ ಕ್ಲೀನ್ ಮಾಡ್ದೆ, ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸ್ ಎಳೆಯೋ ಕೊಕ್ಕೆ) ಕೆಳಗೆ ಬ್ರಷ್ ಹಾಕ್ದೆ, ಎರಡು ಹನಿ ಎಣ್ಣೆನೂ ಬಿಟ್ಟೆ. ವಿಚಿತ್ರ ಏನಂದ್ರೆ ಗೆಳೆಯ ಅದೇ ಗನ್ನು, ಅದೇ ಡಬ್ಬಿ ಗುಂಡು, 50 ಹೊಡೆದ, ಒಂದೂ ಸಿಕ್ಕಾಕೊಳ್ಲಿಲ್ಲ. ನಾನು ಹಿಡಿದ್ರೆ ಶುರು.

ಬೆಂಚ್‌ರೆಸ್ಟ್:
ಗೆಳೆಯರು ಬಲಗೈಯವ್ರಾ?

ಎಡಗೈ_ಗುರಿ:
ಹೌದು. ಗನ್ನಿಗೂ ನಮ್ ಮೇಲೆ ದ್ವೇಷ ಅಂತೀರಾ?

ಬೆಂಚ್‌ರೆಸ್ಟ್:
ದ್ವೇಷ ಅಲ್ಲ, ನಿಮ್ಮ ಬಲಗೈ ಹೆಬ್ಬೆರಳು ಎಲ್ಲಿದೆ ನೋಡಿ. ಮೇಜಿನ ಮೇಲೆ ಮೊಣಕೈ ಊರಿ ಕೂತಾಗ ಮುಂದಿನ ಕೈ ಜಾರ್ತಾ ಜಾರ್ತಾ ಮ್ಯಾಗಜಿನ್ ಹತ್ರ ಬರುತ್ತೆ. ಬಲಗೈಯವ್ರು ಎಡಗೈಲಿ ಆನಿಸ್ತಾರೆ, ಅವರ ಹೆಬ್ಬೆರಳು ಗನ್ನಿನ ಎಡಗಡೆ ಇರುತ್ತೆ, ಅಲ್ಲಿ ಏನೂ ಇಲ್ಲ. ನಿಮ್ದು ಬಲಗೈ, ಹೆಬ್ಬೆರಳು ಬಲಗಡೆ, ಅಂದ್ರೆ ಸರಿಯಾಗಿ ಕೇಸ್ ಹಾರೋ ಕಿಟಕಿ ಮುಂದೆ. ಕೇಸ್ ಹಾರುತ್ತೆ, ಬೆರಳಿಗೆ ಬಡಿದು ವಾಪಸ್ ಒಳಗೆ. ಇಲ್ಲಾಂದ್ರೆ ಬೆರಳು ಬೋಲ್ಟಿನ ಹಿಡಿಗೆ ತಾಗಿ ಬೋಲ್ಟ್ ನಿಧಾನ ಆಗುತ್ತೆ, ಟೂಟೂ ಬೋಲ್ಟಿಗೆ ಅಷ್ಟು ಸಾಕು ನಿಲ್ಲೋಕೆ. ಪಕ್ಕದಿಂದ ಫೋನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಸಿ.

ಖಾಲಿಕೇಸ್:
ವಿಡಿಯೋ ತೆಗೆಯೋರು ಫೈರಿಂಗ್ ಲೈನ್ ಹಿಂದೆನೇ ನಿಂತ್ಕೊಳ್ಲಿ ದಯವಿಟ್ಟು. ಆಮೇಲೆ ಟಕ್ ಅಂತ್ಲೂ ಇಲ್ದೆ ಢಂ ಅಂತ್ಲೂ ಇಲ್ದೆ ಪುಸ್ ಅಂತ ಸದ್ದು ಬಂದ್ರೆ ಇನ್ನೊಂದು ಗುಂಡು ಹೊಡೀಲೇಬೇಡಿ, ಹಿಂದಿನ ಗುಂಡು ಬ್ಯಾರೆಲ್ಲಲ್ಲೇ ಕೂತಿರ್ಬಹುದು. ಖಾಲಿ ಮಾಡಿ, ಬ್ಯಾರೆಲ್ಲಲ್ಲಿ ಬೆಳಕು ಕಾಣುತ್ತಾ ನೋಡಿ.

ಎಡಗೈ_ಗುರಿ:
ಬೆರಳೇ ಸಾರ್. ವಿಡಿಯೋದಲ್ಲಿ ಕೇಸ್ ಹೆಬ್ಬೆರಳ ಗೆಣ್ಣಿಗೆ ಬಡಿದು ಗಿರಗಿರ ತಿರುಗಿ ವಾಪಸ್ ಹೋಗೋದು ಸ್ಪಷ್ಟವಾಗಿ ಕಾಣುತ್ತೆ, ಗೆಣ್ಣಿನ ಮೇಲೆ ಸಣ್ಣ ಕಪ್ಪು ಕಲೆ ಇತ್ತು, ಎಣ್ಣೆ ಮಸಿ ಅಂದ್ಕೊಂಡು ದಿನಾ ತೊಳೀತಿದ್ದೆ. ಕೈ ಒಂದು ಗೇಣು ಮುಂದೆ ಹಿಡಿದು ಹೆಬ್ಬೆರಳನ್ನ ಕೆಳಗೆ ಮಡಚಿ 200 ಹೊಡೆದೆ. ಚಿಮಣಿ ಒಂದೂ ಇಲ್ಲ. ಒಂದು ಗುಂಡು ಮಾತ್ರ ಹೊತ್ಕೊಳ್ಲಿಲ್ಲ, 30 ಸೆಕೆಂಡ್ ಕಾದು ತೆಗೆದೆ, ರಿಮ್ ಮೇಲೆ ಪಿನ್ ಗುರುತು ಚೆನ್ನಾಗೇ ಬಿದ್ದಿತ್ತು.

ಬೆಂಚ್‌ರೆಸ್ಟ್:
ಅದು ಗುಂಡಿನ ತಪ್ಪು. ರಿಮ್ ಒಳಗೆ ಮದ್ದು ಸುತ್ತಲೂ ಸಮ ಹರಡಿರಲ್ಲ, ಪಿನ್ ಬಡಿದ ಜಾಗದಲ್ಲಿ ಇಲ್ದೇ ಇದ್ರೆ ಹಾಗಾಗುತ್ತೆ. ಇನ್ನೂರಕ್ಕೆ ಒಂದು ಅಂದ್ರೆ ತಲೆ ಕೆಡಿಸ್ಕೊಳ್ಬೇಡಿ. ಬೆಚ್ಚೋದು ಹೇಗಿದೆ?

ಎಡಗೈ_ಗುರಿ:
ಡಮ್ಮಿ ಹಾಕಿ ವಾರ ವಾರ ನೋಡ್ತಿದೀನಿ, ಟೂಟೂನಲ್ಲಿ ಮೂತಿ ಅಲ್ಲಾಡ್ತಿಲ್ಲ. ಮುಂದಿನ ತಿಂಗಳು ಬಾಡಿಗೆ ಎಆರ್ ಮತ್ತೆ ಹಿಡೀತೀನಿ, ಈ ಸಲ ಕಾಲರ್ ಗುಂಡಿ ಹಾಕ್ಕೊಂಡು.