ಎಂಟು ಪದರದ ಕಾರ್ಬನ್ ಪ್ಯಾನಲ್: ಕೋನ ತಿದ್ದಬೇಕೋ, ಪದರಗಳ ಕ್ರಮ ತಿದ್ದಬೇಕೋ?

ನೇಯ್ಗೆ_ನಕ್ಷೆ:
ಟಿ300/5208 ಕಾರ್ಬನ್-ಎಪಾಕ್ಸಿ (ಎಪಾಕ್ಸಿ ಅಂಟಿನಲ್ಲಿ ಕೂತ ಕಾರ್ಬನ್ ನೂಲು), 8 ಪದರ, ಒಂದೊಂದೂ 0.125 ಮಿ.ಮೀ. ಅಂದರೆ ಒಟ್ಟು ದಪ್ಪ 1 ಮಿ.ಮೀ. ಅಗಲ 200 ಮಿ.ಮೀ., ಉದ್ದ ಅದರ ಹಲವು ಪಟ್ಟು, ಅಂಚುಗಳಿಗೆ ಸರಳ ಆಧಾರ, ಒತ್ತಡ ಉದ್ದಕ್ಕೆ. ತೂಕ ಏರದೆ ಬಕ್ಲಿಂಗ್ ಲೋಡ್, ಅಂದರೆ ಒತ್ತಿದ ಪ್ಯಾನಲ್ ಪಕ್ಕಕ್ಕೆ ಉಬ್ಬಿಬಿಡುವ ಲೋಡ್, ಏರಬೇಕು. ಒಳ್ಳೆಯ ಕೋನ ಹುಡುಕುವ ಸಾಫ್ಟ್‌ವೇರ್ (ಆಪ್ಟಿಮೈಸರ್) ಹೊರಪದರಗಳ ನೂಲಿಗೆ ಉದ್ದದಿಂದ 45 ಡಿಗ್ರಿಯ ಆಸುಪಾಸು ಕೊಡುತ್ತದೆ. ಒಳಗಿನವಕ್ಕೆ ಮಾತ್ರ ಒಮ್ಮೆ 37.4, ಇನ್ನೊಮ್ಮೆ −71.8, ಓಡಿಸಿದಾಗಲೆಲ್ಲ ಬೇರೆ ಬೇರೆ. ಯಾವುದನ್ನು ನಂಬಬೇಕು?

ಮಧ್ಯತಲ:
ಒಳಗಿನದನ್ನು ನಂಬಬೇಡಿ, ಅದು ಅಲ್ಲಿ ಲೆಕ್ಕಕ್ಕೇ ಇಲ್ಲ. ಬಾಗುವಿಕೆಯ ಬಿಗಿತದಲ್ಲಿ ಪದರದ ಪಾಲು ಮಧ್ಯತಲದಿಂದ (ದಪ್ಪದ ನಟ್ಟನಡುವಿನಿಂದ) ಅದರ ಹೊರಮೈಗೂ ಒಳಮೈಗೂ ಇರುವ ದೂರಗಳ ಘನಗಳ ವ್ಯತ್ಯಾಸಕ್ಕೆ ತಕ್ಕಂತೆ ಬರುತ್ತದೆ. ಸಿಮೆಟ್ರಿಕ್ ಆದ, ಅಂದರೆ ಮಧ್ಯತಲದ ಎರಡೂ ಕಡೆ ಕನ್ನಡಿಬಿಂಬದಂತಿರುವ 8 ಪದರದಲ್ಲಿ ಹೊರಗಿನಿಂದ ಒಳಕ್ಕೆ ಒಂದೊಂದು ಜೋಡಿಯ ಪಾಲು 37, 19, 7, 1, ಒಟ್ಟು 64. ತೀರಾ ಒಳಗಿನ ಜೋಡಿಯನ್ನು ಹೇಗೆ ತಿರುಗಿಸಿದರೂ ಬಕ್ಲಿಂಗ್ ಬಹುತೇಕ ಅಲುಗುವುದಿಲ್ಲ, ಹಾಗಾಗಿ ಸಾಫ್ಟ್‌ವೇರ್ ಎಲ್ಲಿ ನಿಂತಿತೋ ಅದೇ ಉತ್ತರ.

ಅದೇ ಎಂಟು ಪದರಗಳನ್ನು ಎರಡು ಬಗೆಯಲ್ಲಿ ಜೋಡಿಸಿ ನೋಡಿ. ಹೊರಗಿನಿಂದ 0/90/45/−45 ಇಟ್ಟರೆ ಬಕ್ಲಿಂಗ್ ಲೋಡ್ ಮಿ.ಮೀ. ಅಗಲಕ್ಕೆ ಸುಮಾರು 4.9 ನ್ಯೂಟನ್. 45/−45/0/90 ಇಟ್ಟರೆ ಸುಮಾರು 7.5. ತೂಕ ಅದೇ, ಬಟ್ಟೆ ಅದೇ, ಸಮತಲದ ಬಿಗಿತವೂ ಅದೇ, ಸುಮಾರು 70 ಗಿಗಾಪಾಸ್ಕಲ್. ಬದಲಾದದ್ದು ಕ್ರಮ ಒಂದೇ.

ಓರೆನೂಲು:
ಹಾಗಿದ್ದರೆ ಎಲ್ಲವನ್ನೂ ±45 ಮಾಡಿಬಿಡಬಹುದಲ್ಲ? 7.9 ಸಿಗುತ್ತದೆ.

ಮಧ್ಯತಲ:
ಸಿಗುತ್ತದೆ, ಆದರೆ ಉದ್ದದ ಬಿಗಿತ 70ರಿಂದ 25 ಗಿಗಾಪಾಸ್ಕಲ್‌ಗೆ ಕುಸಿಯುತ್ತದೆ. ಐದು ಶೇಕಡಾ ಬಕ್ಲಿಂಗ್‌ಗಾಗಿ ಅಷ್ಟು ಕಳೆದುಕೊಳ್ಳುವುದು ನಷ್ಟದ ವ್ಯಾಪಾರ. ಬಕ್ಲಿಂಗ್‌ಗೆ ಹೆಚ್ಚು ಬೇಕಿಲ್ಲದ ಒಳಜಾಗದಲ್ಲೇ 0 ಮತ್ತು 90 ಕೂತಿರಲಿ.

ಅಚ್ಚುಮನೆ:
ಮೇಲಿನ ಅಂಕಿಗಳಲ್ಲಿ ಡಿ16, ಡಿ26, ಅಂದರೆ ಬಾಗುವಿಕೆಗೂ ತಿರುಚುವಿಕೆಗೂ ನಂಟು ಹಾಕುವ ಬಿಗಿತದ ಅಂಶಗಳನ್ನು ಬಿಟ್ಟಿದ್ದೀರಿ. ಸಿಮೆಟ್ರಿ ಇದ್ದರೂ +45 ಹೊರಗೆ, −45 ಒಳಗೆ ಕೂತಾಗ ಬಾಗುವಿಕೆಯ ಜೊತೆ ತಿರುಚುವಿಕೆ ಬಂದೇ ಬರುತ್ತದೆ, ನಿಜವಾದ ಲೋಡ್ ತುಸು ಇಳಿಯುತ್ತದೆ. ±45 ಪದರ ಹೆಚ್ಚಿದ್ದಲ್ಲಿ +, −, +, − ಎಂದು ಇಡುವ ಬದಲು +, −, −, + ಎಂದು ಇಡಿ. 37−19+7−1 ಅಂದರೆ 24. 37−19−7+1 ಅಂದರೆ 12. ಡಿ16 ಅರ್ಧಕ್ಕೆ ಇಳಿಯಿತು, ಖರ್ಚು ಸೊನ್ನೆ.

ಬಾಗುವಿಕೆ-ತಿರುಚುವಿಕೆಯ ಈ ನಂಟನ್ನು ಬೇಕೆಂದೇ ಬಳಸಿಕೊಂಡವರೂ ಇದ್ದಾರೆ. 1984ರಲ್ಲಿ ಹಾರಿದ ಅಮೆರಿಕದ ಪ್ರಾಯೋಗಿಕ ವಿಮಾನ ಎಕ್ಸ್-29ರ ರೆಕ್ಕೆ ಮುಂದಕ್ಕೆ ಬಾಗಿತ್ತು. ಅಂಥ ರೆಕ್ಕೆ ಮೇಲಕ್ಕೆ ಬಾಗಿದಾಗ ಮುಂದಿನ ಅಂಚು ಎತ್ತಿಕೊಂಡು ತಿರುಚಿ ಮುರಿಯುವ ಅಪಾಯವನ್ನು ನೂಲಿನ ಓರೆಯಿಂದಲೇ ತಡೆದರು.

ಓರೆನೂಲು:
ಕೋನ ನೇರವೇ ಇರಬೇಕೆಂದು ಯಾಕೆ? ನೂಲನ್ನು ಬಳುಕಿಸಿ ಹಾಸಿದರೆ ಲೋಡ್ ಆಧಾರವಿರುವ ಅಂಚಿನ ಕಡೆಗೆ ಹರಿಯುತ್ತದೆ, ನಡುಭಾಗ ಹಗುರಾಗುತ್ತದೆ. ಆ ಲಾಭ ಕ್ರಮ ಬದಲಿಸಿದರೆ ಸಿಗುವುದಿಲ್ಲ.

ಅಚ್ಚುಮನೆ:
ಲಾಭ ನಿಜ. ಆದರೆ ಈ ಪ್ಯಾನಲ್‌ನ ಅಗಲ ನೋಡಿ. 6.35 ಮಿ.ಮೀ. ಅಗಲದ ಟೋಗೆ (ಯಂತ್ರ ಹಾಸುವ ನೂಲಿನ ಪಟ್ಟಿಗೆ) ಸಾಮಾನ್ಯವಾಗಿ ಇಟ್ಟುಕೊಳ್ಳುವ ತಿರುವಿನ ಕನಿಷ್ಠ ತ್ರಿಜ್ಯ 635 ಮಿ.ಮೀ. ಆ ತಿರುವಿನಲ್ಲೇ ಟೋದ ಒಳಅಂಚು 0.5 ಶೇಕಡಾ ಕುಗ್ಗಬೇಕು. ಇನ್ನೂ ಬಿಗಿಯಾಗಿ ತಿರುಗಿಸಿದರೆ ಆ ಅಂಚು ಸುಕ್ಕಾಗಿ ಮೇಲೇಳುತ್ತದೆ. ಅಂಚಿನಲ್ಲಿ 0 ಡಿಗ್ರಿಯಿಂದ ಹೊರಟ ನೂಲು 100 ಮಿ.ಮೀ. ದಾಟಿ ನಡುವಿಗೆ ಬರುವಷ್ಟರಲ್ಲಿ ತಿರುಗುವುದು ಬರೀ 33 ಡಿಗ್ರಿ. ಜೊತೆಗೆ ಹಾದಿಗಳ ನಡುವಿನ ಸಂದು, ಇಲ್ಲವೇ ಒಂದರ ಮೇಲೊಂದು ಏರಿದ ಉಬ್ಬು. 1 ಮಿ.ಮೀ. ದಪ್ಪದಲ್ಲಿ ಒಂದು ಪದರದ ಉಬ್ಬು ಅಂದರೆ ಎಂಟನೇ ಒಂದು ಭಾಗ.

ಓರೆನೂಲು:
33ರ ಲೆಕ್ಕ ಒಪ್ಪಿದೆ. 3.175 ಮಿ.ಮೀ. ಟೋ ಬಳಸಿದರೆ ಅದೇ 0.5 ಶೇಕಡಾಕ್ಕೆ ತ್ರಿಜ್ಯ ಅರ್ಧಕ್ಕಿಳಿಯುತ್ತದೆ. ಅಗಲವಾದ ಪ್ಯಾನಲ್‌ಗೆ ನನ್ನ ಮಾತು ಹಾಗೇ ನಿಲ್ಲುತ್ತದೆ.

ನೇಯ್ಗೆ_ನಕ್ಷೆ:
ಹಾಗಾದರೆ 0, 90, ±45 ಮಾತ್ರ ಇಟ್ಟುಕೊಂಡು ಜೆನೆಟಿಕ್ ಆಲ್ಗಾರಿದಮ್ (ಒಳ್ಳೆಯ ಜೋಡಣೆಗಳನ್ನು ಬೆರೆಸಿ ಬೆರೆಸಿ ಇನ್ನೂ ಒಳ್ಳೆಯದನ್ನು ಹುಡುಕುವ ವಿಧಾನ) ಓಡಿಸಲೇ?

ಮಧ್ಯತಲ:
ಇದಕ್ಕೆ ಬೇಡವೇ ಬೇಡ. ಅರ್ಧದಲ್ಲಿ 4 ಪದರ, 4 ಕೋನ, ಒಟ್ಟು 256 ಜೋಡಣೆ. ಎಲ್ಲವನ್ನೂ ಲೆಕ್ಕ ಹಾಕಿ ಮುಗಿಸಿ. 40 ಪದರ ಬಂದರೆ ಮಾತು ಬೇರೆ, ಆಗ ಒಂದು ಲಕ್ಷ ಕೋಟಿ ದಾಟುತ್ತದೆ. ಅಲ್ಲಿ ಮೊದಲು ಲ್ಯಾಮಿನೇಷನ್ ಪ್ಯಾರಾಮೀಟರ್‌ಗಳಲ್ಲಿ (ಇಡೀ ಪದರಗುಚ್ಛದ ಕೋನಗಳನ್ನು ಕೆಲವೇ ಅಂಕಿಗಳಲ್ಲಿ ಹಿಡಿದಿಡುವ ಸರಾಸರಿಗಳಲ್ಲಿ) ಬೇಕಾದ ಬಿಗಿತ ಹುಡುಕಿ, ಆಮೇಲೆ ಅದಕ್ಕೆ ಹೊಂದುವ ಕ್ರಮವನ್ನು ಜೆನೆಟಿಕ್ ಆಲ್ಗಾರಿದಮ್‌ನಿಂದ ಹುಡುಕಿಸಿ.

ಅಚ್ಚುಮನೆ:
ದಪ್ಪ ಇಳಿಸುವ ಜಾಗವಿದ್ದರೆ ಹೊರಪದರ ಕತ್ತರಿಸಬೇಡಿ. ಒಳಗಿನದನ್ನೇ ನಿಲ್ಲಿಸಿ, ಮಧ್ಯತಲದ ಎರಡೂ ಕಡೆ ಜೋಡಿಯಾಗಿ, ಮೆಟ್ಟಿಲಿಗೆ ದಪ್ಪದ 20 ಪಟ್ಟು ಉದ್ದ ಬಿಟ್ಟು. ಒಂದೇ ಕಡೆ ನಿಲ್ಲಿಸಿದರೆ ಸಿಮೆಟ್ರಿ ಹೋಗುತ್ತದೆ. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಯೂರ್ ಆಗಿ (ಅಂಟು ಬೆಂದು ಗಟ್ಟಿಯಾಗಿ) ತಣಿಯುವಾಗ ನೂಲಿನುದ್ದಕ್ಕೆ ಪದರ ಕುಗ್ಗುವುದೇ ಇಲ್ಲ ಅನ್ನಬಹುದು, ಅಡ್ಡಕ್ಕೆ ಮಾತ್ರ ಚೆನ್ನಾಗಿ ಕುಗ್ಗುತ್ತದೆ. ಅಚ್ಚಿನಿಂದ ತೆಗೆದ ಕೂಡಲೇ ಪ್ಯಾನಲ್ ಬಾಳೆಎಲೆಯಂತೆ ಸುರುಳಿ ಹೊಡೆಯುತ್ತದೆ.

ಕೈಯಲ್ಲಿ ಹಾಸುವಾಗ ಪ್ರತಿ ಪದರದ ಕೋನವನ್ನೂ ಲೇಸರ್ ಗೆರೆಗೆ ಇಟ್ಟು ನೋಡಿ. ಒಂದೇ ದಿಕ್ಕಿನ ಪಟ್ಟಿಯಲ್ಲಿ ನೂಲು 3 ಡಿಗ್ರಿ ತಪ್ಪಿದರೆ ಬಿಗಿತ 181ರಿಂದ 170 ಗಿಗಾಪಾಸ್ಕಲ್‌ಗೆ, 5 ಡಿಗ್ರಿ ತಪ್ಪಿದರೆ 154ಕ್ಕೆ. 37.4 ಎಂಬ ದಶಾಂಶವನ್ನು ಆ ಕೈ ಹೇಗೆ ಹಿಡಿದೀತು?