ಶಿಬಿರದ ಒಲೆ ಮತ್ತು ಪಾತ್ರೆಯನ್ನು ತಗಡಿನಿಂದ ನಾವೇ ಮಾಡಿಕೊಳ್ಳುವುದು ಹೇಗೆ? ತಗಡು ಕೆಲಸದವರೊಡನೆ ಪ್ರಶ್ನೋತ್ತರ

ಪ್ರಶ್ನೆ (ಪಾಂಡವಪುರ ತಾಲ್ಲೂಕಿನ ಸದಸ್ಯರು):
ನಮಸ್ಕಾರ ಸರ್. ನಾವು ನಾಲ್ವರು ಗೆಳೆಯರು ರಜೆಯಲ್ಲಿ ಕುಂತಿಬೆಟ್ಟದ ಕಡೆಯ ತೋಟಗಳಲ್ಲಿ ರಾತ್ರಿ ತಂಗಿ ಅಡುಗೆ ಮಾಡಿಕೊಳ್ಳುತ್ತೇವೆ. ಬಿಚ್ಚಿ ಚೀಲದಲ್ಲಿಟ್ಟುಕೊಳ್ಳುವಂಥ ಸೌದೆ ಒಲೆಯನ್ನೂ ಮುದ್ದೆ ಮಾಡುವುದಕ್ಕೆ ಒಂದು ಪಾತ್ರೆಯನ್ನೂ ನಾವೇ ಮಾಡಿಕೊಳ್ಳಬೇಕೆಂದಿದ್ದೇವೆ. ಕೊಟ್ಟಿಗೆಗೆ ಹೊದಿಸಿ ಉಳಿದ ಜಿಂಕ್ ಶೀಟ್ ಮನೆಯಲ್ಲಿದೆ. ಅದನ್ನೇ ಕತ್ತರಿಸಿ ಬಳಸಬಹುದೇ? ಪಾತ್ರೆಯ ಜೋಡಣೆಗೆ ಸೀಸದ ಬೆಸುಗೆ ಸಾಕೇ?

ಉತ್ತರ (ಹೋಟೆಲ್ ಅಡುಗೆಮನೆಯ ಸಾಮಾನು ತಯಾರಿಸುವವರು, ಹೆಬ್ಬಾಳು ಕೈಗಾರಿಕಾ ಪ್ರದೇಶ, ಮೈಸೂರು):
ನಮಸ್ಕಾರ. ಎರಡಕ್ಕೂ ಬೇಡವೆಂದೇ ಹೇಳಬೇಕಾಗಿದೆ. ಕಾರಣವನ್ನು ತಿಳಿದುಕೊಂಡರೆ ಮುಂದಿನ ಆಯ್ಕೆಗಳು ತಾವಾಗಿಯೇ ಸುಲಭವಾಗುತ್ತವೆ.

ಜಿಂಕ್ ಶೀಟ್ ಎಂದು ನಾವು ಕರೆಯುವುದು ಸತುವಿನ ಲೇಪವಿರುವ ಉಕ್ಕಿನ ತಗಡು. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, 907 ಡಿಗ್ರಿಯಲ್ಲಿ ಕುದಿಯುತ್ತದೆ. ಗಾಳಿ ಚೆನ್ನಾಗಿ ಆಡುವ ಸಣ್ಣ ಒಲೆಯಲ್ಲಿ ಕೆಂಡದ ಬಿಸಿ ಆ ಮಟ್ಟವನ್ನು ಮುಟ್ಟಬಲ್ಲದು. ಆಗ ಏಳುವ ಬಿಳಿ ಹೊಗೆಯನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಕಾಣಿಸಿಕೊಳ್ಳುತ್ತದೆ. ಒಮ್ಮೆ ಉರಿಸಿ ಲೇಪ ಕಳೆದರಾಯಿತು ಎನ್ನುವವರಿದ್ದಾರೆ. ಆ ಉರಿಸುವ ಕೆಲಸವೇ ಅಪಾಯದ್ದು. ಪಾತ್ರೆಗಂತೂ ಈ ತಗಡು ಸಲ್ಲದು, ಏಕೆಂದರೆ ಹುಣಸೆಹುಳಿ, ಟೊಮೆಟೊ, ಮಜ್ಜಿಗೆ ಇವೆಲ್ಲ ಸತುವನ್ನು ಕರಗಿಸಿ ಊಟಕ್ಕೆ ಸೇರಿಸುತ್ತವೆ.

ಒಲೆಗೆ 22 ಗೇಜಿನ, ಅಂದರೆ ಸುಮಾರು 0.7 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಗಡನ್ನು ತೆಗೆದುಕೊಳ್ಳಿ. ನಮ್ಮಂಥ ಕಾರ್ಯಾಗಾರಗಳಲ್ಲಿ ಕತ್ತರಿಸಿ ಉಳಿದ ತುಂಡುಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. ಅಯಸ್ಕಾಂತ ಅಂಟದಿದ್ದರೆ ಅದು ಪಾತ್ರೆಗೆ ಒಪ್ಪುವ 304 ದರ್ಜೆಯ ಸ್ಟೀಲೇ ಎಂದು ಅನೇಕರು ನಂಬಿದ್ದಾರೆ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿದ 202 ದರ್ಜೆಗೂ ಅದು ಅಂಟುವುದಿಲ್ಲ. ಒಲೆಗೆ ಈ ವ್ಯತ್ಯಾಸ ಅಷ್ಟಾಗಿ ಮುಖ್ಯವಲ್ಲ. ಉಪ್ಪು, ಹುಳಿ ಬೀಳುವ ಪಾತ್ರೆಗೆ ಮಾತ್ರ ನೂರರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುವ 304 ಅನ್ನೇ ಕೇಳಿ, ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

15 ಸೆಂ.ಮೀ. ಅಗಲ, 18 ಸೆಂ.ಮೀ. ಎತ್ತರದ ನಾಲ್ಕು ಗೋಡೆಗಳು ಮತ್ತು ತೂತುಗಳಿರುವ ಒಂದು ತಳ ಸೇರಿ ಒಲೆಯ ತೂಕ ಸುಮಾರು 700 ಗ್ರಾಂ ಆಗುತ್ತದೆ. ತಳವನ್ನು ನೆಲದಿಂದ ಮೂರು ಸೆಂ.ಮೀ. ಮೇಲೆ ಕೂರಿಸಿ, ಅದರ ಕೆಳಗಿನಿಂದ ಗಾಳಿ ಬರುವಂತೆ ಗೋಡೆಗಳ ಬುಡದಲ್ಲಿ 10ರಿಂದ 12 ಮಿ.ಮೀ. ತೂತುಗಳನ್ನು ಕೊರೆಯಿರಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಹಿಂದಿರುವ ತತ್ವವೂ ಇದೇ: ಬೆಂಕಿಯನ್ನು ಸುತ್ತ ಮುಚ್ಚಿ, ಸೌದೆಯನ್ನು ಜಾಲರಿಯ ಮೇಲಿಟ್ಟು, ಗಾಳಿಯನ್ನು ಹಿಡಿತದಲ್ಲಿ ಬಿಡುವುದು. ಹೊಸಬರು ಮರೆಯುವುದು ಮೇಲ್ಭಾಗವನ್ನು. ಪಾತ್ರೆ ಗೋಡೆಯ ಅಂಚಿನ ಮೇಲೆ ಪೂರ್ತಿ ಕುಳಿತುಬಿಟ್ಟರೆ ಹೊಗೆಗೆ ದಾರಿಯಿಲ್ಲದೆ ಬೆಂಕಿ ಉಸಿರುಗಟ್ಟುತ್ತದೆ. ಆದ್ದರಿಂದ ಮೂಲೆಗಳನ್ನು ಮಾತ್ರ ಎತ್ತರವಾಗಿ ಬಿಟ್ಟು, ನಡುವೆ ಒಂದೂವರೆ ಸೆಂ.ಮೀ. ತಗ್ಗಿಸಿ ಕತ್ತರಿಸಬೇಕು.

ಗೋಡೆಗಳನ್ನು ಒಂದಕ್ಕೊಂದು ಸಿಕ್ಕಿಸುವ ಸೀಳುಗಳನ್ನು ತಗಡಿನ ದಪ್ಪಕ್ಕೆ ಸರಿಯಾಗಿ ಬಿಗಿಯಾಗಿ ಕತ್ತರಿಸಬೇಡಿ. 15 ಸೆಂ.ಮೀ. ಅಗಲದ ಈ ತಗಡು 500 ಡಿಗ್ರಿ ಬಿಸಿಯೇರಿದಾಗ ಒಂದು ಮಿ.ಮೀ.ಗಿಂತ ಹೆಚ್ಚು ಹಿಗ್ಗುತ್ತದೆ, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಹಾಗಾಗಿ ಗೋಡೆ ಸೊಟ್ಟಗಾಗಿ ಸೀಳಿನಲ್ಲೇ ಕಚ್ಚಿಕೊಳ್ಳುತ್ತದೆ. ಸೀಳಿನ ಅಗಲ ಎರಡು ಮಿ.ಮೀ. ಇರಲಿ. ಮೇಲಿನ ಅಂಚನ್ನು ಐದಾರು ಮಿ.ಮೀ. ಒಳಕ್ಕೆ ಮಡಿಸಿ ಕೊಡತಿಯಿಂದ ತಟ್ಟಿದರೆ ತಗಡಿಗೆ ಗಡಸುತನವೂ ಬರುತ್ತದೆ, ಕೈ ಕುಯ್ಯುವುದೂ ತಪ್ಪುತ್ತದೆ. ಮಡಿಸಲಾಗದ ಅಂಚುಗಳನ್ನೆಲ್ಲ ಅರದಿಂದ ಉಜ್ಜಲೇಬೇಕು.

ಪ್ರಶ್ನೆ (ಅದೇ ಸದಸ್ಯರು):
ವಿವರಕ್ಕೆ ವಂದನೆಗಳು ಸರ್. ಬೆಸುಗೆ ಬೇಡವೆಂದಿರಿ. ಆದರೆ ನಮ್ಮ ಕಡೆಯ ಹಳೆಯ ಆಲೆಮನೆಗಳ ಕೊಪ್ಪರಿಗೆಗಳಲ್ಲಿ ತಗಡುಗಳನ್ನು ರಿವಿಟ್ ಹೊಡೆದೇ ಸೇರಿಸಿರುತ್ತಿದ್ದರು, ಅವು ಸೋರುತ್ತಿರಲಿಲ್ಲ. ನಾವೂ ಹಾಗೆ ಮಾಡಬಾರದೇ?

ಉತ್ತರ:
ಬಹಳ ಒಳ್ಳೆಯ ಪ್ರಶ್ನೆ. ರಿವಿಟ್ ಹೊಡೆದ ದಪ್ಪ ಕಬ್ಬಿಣದ ತಗಡಿನ ಅಂಚನ್ನು ಮೊಂಡು ಉಳಿಯಿಂದ ಜಜ್ಜಿ, ಕೆಳಗಿನ ತಗಡಿಗೆ ಒತ್ತಿ ಕೂರಿಸಿ, ನೀರು ಹೋಗದಂತೆ ಮಾಡಲು ಸಾಧ್ಯ. ಹಳೆಯ ಕಾಲದ ಬಾಯ್ಲರುಗಳನ್ನೂ ಹಾಗೆಯೇ ಮುಚ್ಚುತ್ತಿದ್ದರು. ನಿಮ್ಮ 0.7 ಮಿ.ಮೀ. ತಗಡಿನ ಅಂಚಿನಲ್ಲಿ ಜಜ್ಜುವುದಕ್ಕೆ ಲೋಹವೇ ಇರುವುದಿಲ್ಲ. ಜಜ್ಜಿದರೆ ಅದು ಏಳುತ್ತದೆ, ಕೂರುವುದಿಲ್ಲ. ಇನ್ನು ಸೀಸ ಮತ್ತು ತವರದ ಬೆಸುಗೆ 183 ಡಿಗ್ರಿಯಲ್ಲೇ ಕರಗತೊಡಗುತ್ತದೆ. ಪಾತ್ರೆಯಲ್ಲಿ ನೀರಿರುವವರೆಗೆ ತಡೆದರೂ ನೀರಿನ ಮಟ್ಟಕ್ಕಿಂತ ಮೇಲಿನ ಜೋಡಣೆ ಬಿಟ್ಟುಕೊಳ್ಳಬಹುದು. ಅದಕ್ಕಿಂತ ಮೊದಲೇ ಸೀಸ ಊಟಕ್ಕೆ ಸೇರುವ ಮಾತು ಇದ್ದೇ ಇದೆ.

ಆದ್ದರಿಂದ ಕತ್ತರಿಸುವುದು, ಸುತ್ತುವುದು ನಿಮ್ಮ ಕೈಯಲ್ಲಿರಲಿ. ಜೋಡಣೆಯನ್ನು ಮಾತ್ರ ಆರ್ಗಾನ್ ವೆಲ್ಡಿಂಗ್ ಮಾಡುವವರಿಂದ ಮಾಡಿಸಿ. 16 ಸೆಂ.ಮೀ. ವ್ಯಾಸ, 11 ಸೆಂ.ಮೀ. ಎತ್ತರದ ಪಾತ್ರೆಗೆ 50.3 ಸೆಂ.ಮೀ. ಉದ್ದದ ಪಟ್ಟಿ ಬೇಕು. ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಗೋಡೆಗೆ 22 ಗೇಜ್ ಸಾಕು, ತಳಕ್ಕೆ ಮಾತ್ರ 18 ಗೇಜ್, ಅಂದರೆ 1.2 ಮಿ.ಮೀ. ಹಾಕಿಸಿ. ಸ್ಟೇನ್‌ಲೆಸ್ ಸ್ಟೀಲ್ ಶಾಖವನ್ನು ಸಾಗಿಸುವುದು ಅಲ್ಯೂಮಿನಿಯಂ ಸಾಗಿಸುವುದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ತಳ ತೆಳ್ಳಗಿದ್ದರೆ ಜ್ವಾಲೆ ತಾಗುವ ಜಾಗದಲ್ಲೇ ರಾಗಿಹಿಟ್ಟು ಸೀಯುತ್ತದೆ.

ಮುದ್ದೆಯ ವಿಷಯದಲ್ಲಿ ಇನ್ನೂ ಒಂದು ಮಾತು. ಬರೀ ನೀರು ಕಾಯಿಸುವ ಒಲೆಗೆ ಭಾರ ಮೇಲಿನಿಂದ ಮಾತ್ರ ಬೀಳುತ್ತದೆ. ಹಿಟ್ಟಿನ ಕೋಲಿನಿಂದ ತಿರುವುವಾಗ ಬಲವೆಲ್ಲ ಪಕ್ಕಕ್ಕೆ ಬೀಳುತ್ತದೆ. 15 ಸೆಂ.ಮೀ. ಬುಡದ ಒಲೆ ಅದನ್ನು ತಾಳಲಾರದು. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಇಳಿಸಿ, ನೆಲದ ಮೇಲೆ ಬಟ್ಟೆಯ ಸಿಂಬಿಯಲ್ಲಿ ಕೂರಿಸಿ, ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ತಿರುವಬೇಕು. ಅದಕ್ಕಾಗಿ ಒಂದು ಉದ್ದ ಹಿಡಿಯ ಬದಲು ಎದುರುಬದುರಾಗಿ ಎರಡು ಗಟ್ಟಿ ಹಿಡಿಗಳಿರಲಿ. ಹಿಡಿಯ ರಿವಿಟ್ಟುಗಳು ಪಾತ್ರೆಯ ಬಾಯಿಯ ಹತ್ತಿರವೇ ಇರಬೇಕು. ಕೆಳಗಿದ್ದರೆ ಒಳಗಿನ ತಲೆಗೆ ಹಿಟ್ಟು ಮೆತ್ತಿಕೊಳ್ಳುತ್ತದೆ, ಕೋಲೂ ತಗುಲುತ್ತದೆ. ಪಾಪ್ ರಿವಿಟ್ ಬೇಡ, ಅದರ ನಡುವೆ ಟೊಳ್ಳಿರುವುದರಿಂದ ಸೋರಬಹುದು.

ಪ್ರಶ್ನೆ (ಮೈಸೂರಿನ ಸದಸ್ಯೆ):
ಸರ್, ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಕಲಾಯಿ ಹಾಕಿದ ತಾಮ್ರದ ಪಾತ್ರೆಯೊಂದಿದೆ. ಹೊಸದನ್ನು ಮಾಡಿಸುವ ಬದಲು ಅದನ್ನೇ ಒಯ್ಯಬಹುದೇ?

ಉತ್ತರ:
ಅನ್ನ, ಸಾರು ಕುದಿಸುವುದಕ್ಕೆ ಧಾರಾಳವಾಗಿ ಒಯ್ಯಿರಿ ಮೇಡಂ, ತಾಮ್ರದಷ್ಟು ಸಮನಾಗಿ ಕಾಯುವ ಪಾತ್ರೆ ಬೇರೆ ಸಿಗದು. ಕಲಾಯಿ ಎಂದರೆ ತವರದ ಲೇಪ, ಅದು 232 ಡಿಗ್ರಿಯಲ್ಲಿ ಕರಗುತ್ತದೆ. ಆದ್ದರಿಂದ ಒಗ್ಗರಣೆ ಹಾಕುವುದು, ಬರಿದಾಗಿ ಬೆಂಕಿಯ ಮೇಲಿಡುವುದು ಕೂಡದು. ಒಳಗೆ ಕೆಂಪು ತಾಮ್ರ ಕಾಣುತ್ತಿದ್ದರೆ ಮತ್ತೆ ಕಲಾಯಿ ಹಾಕಿಸಿಯೇ ಬಳಸಿ.

ಪ್ರಶ್ನೆ (ಮದ್ದೂರಿನ ಸದಸ್ಯರು):
ಇಂಥ ಒಲೆಯನ್ನು ಕಾಡಿನೊಳಗೆ ಹಚ್ಚಬಹುದೇ? ಮಳೆ ಬಂದರೆ ಟೆಂಟಿನ ಒಳಗೆ?

ಉತ್ತರ:
ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ, ಒಲೆ ಎಷ್ಟು ಚಿಕ್ಕದಾದರೂ ಸರಿ. ಖಾಸಗಿ ತೋಟದಲ್ಲಿ ಯಜಮಾನರ ಒಪ್ಪಿಗೆ ಪಡೆದು, ಸುತ್ತ ಒಂದೆರಡು ಮೀಟರ್ ತರಗೆಲೆ ಗುಡಿಸಿ, ಒಂದು ಬಿಂದಿಗೆ ನೀರು ಹತ್ತಿರ ಇಟ್ಟುಕೊಂಡು ಹಚ್ಚಿ. ಟೆಂಟಿನ ಒಳಗೆ ಯಾವ ಕಾರಣಕ್ಕೂ ಬೇಡ: ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಪ್ರಶ್ನೆ (ಪಾಂಡವಪುರದ ಸದಸ್ಯರು):
ಸರ್, ನೀವು ಹೇಳಿದ ಅಳತೆಯಲ್ಲೇ ಒಲೆ ಮಾಡಿ ಅಂಗಳದಲ್ಲಿ ಹಚ್ಚಿ ನೋಡಿದೆವು, ಚೆನ್ನಾಗಿ ಉರಿಯಿತು. ಆದರೆ ತಗಡು ಹಳದಿಗೂ ನೀಲಿಗೂ ತಿರುಗಿದೆ. ಹಾಳಾಯಿತೇ?

ಉತ್ತರ:
ಇಲ್ಲ. ಬಿಸಿಗೆ ಮೇಲ್ಮೈಯ ಆಕ್ಸೈಡ್ ಪದರ ದಪ್ಪವಾದಾಗ ಬರುವ ಬಣ್ಣ ಅದು. ಉಜ್ಜಿ ತೆಗೆಯುವ ಅಗತ್ಯವಿಲ್ಲ. ಬೂದಿಯನ್ನು ಮಾತ್ರ ಕೊಡವಿ, ಒದ್ದೆಯಾಗಿದ್ದರೆ ಒರೆಸಿ ಚೀಲಕ್ಕೆ ಹಾಕಿ. ಒದ್ದೆ ಬೂದಿ ಮೆತ್ತಿಕೊಂಡೇ ಉಳಿದರೆ ಒಳ್ಳೆಯ ಸ್ಟೀಲಿನಲ್ಲೂ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯಬಹುದು.