ಪಾಲ್ ‘ಬೇರ್’ ಬ್ರಯಂಟ್: ಆಟಗಾರನಾಗಿ ಕಲಿತದ್ದು ತರಬೇತಿಯಲ್ಲಿ ಎಷ್ಟು ಉಳಿಯಿತು?

ಪ್ರಶ್ನೆ:
ಅಮೆರಿಕದ ಕಾಲೇಜು ಫುಟ್‌ಬಾಲ್ ಇತಿಹಾಸವನ್ನು ಓದುತ್ತಿರುವ ನನಗೆ ಪಾಲ್ ಬ್ರಯಂಟ್ ಅವರ ವಿಷಯದಲ್ಲಿ ಒಂದು ಸಂದೇಹವಿದೆ. 1933ರಿಂದ 1935ರವರೆಗೆ ಅವರು ಅಲಬಾಮಾ ವಿಶ್ವವಿದ್ಯಾಲಯದ ತಂಡದಲ್ಲಿ ಎಂಡ್ ಸ್ಥಾನದಲ್ಲಿ (ಆಟಗಾರರ ಸಾಲಿನ ತುದಿಯಲ್ಲಿ) ಆಡಿದರು. ಇನ್ನೊಂದು ಬದಿಯಲ್ಲಿದ್ದ ಡಾನ್ ಹಟ್ಸನ್ ಪಾಸ್ (ಮುಂದಕ್ಕೆ ಎಸೆದ ಚೆಂಡು) ಹಿಡಿಯುವುದರಲ್ಲಿ ಎಷ್ಟು ಹೆಸರಾಗಿದ್ದರೆಂದರೆ, ಬ್ರಯಂಟ್ ಅವರನ್ನು ‘ಆ ಇನ್ನೊಬ್ಬ ಎಂಡ್’ ಎಂದೇ ಗುರುತಿಸಲಾಗುತ್ತಿತ್ತು. ಅಂಥವರು ತರಬೇತುದಾರರಾಗಿ 323 ಪಂದ್ಯಗಳನ್ನು ಗೆದ್ದರು. ಆಟಗಾರನಾಗಿ ಕಲಿತದ್ದು ಅದರಲ್ಲಿ ಎಷ್ಟು ಕೆಲಸ ಮಾಡಿತು? ಮುರಿದ ಕಾಲಿನಲ್ಲಿ ಆಡಿದ ಕಥೆಯನ್ನು ಬಿಟ್ಟು ಬೇರೇನಾದರೂ ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1:
ಆ ಕಥೆಯನ್ನು ಬಿಟ್ಟರೆ ಅವರ ತರಬೇತಿ ಅರ್ಥವಾಗುವುದು ಕಷ್ಟ. 1935ರಲ್ಲಿ ಟೆನೆಸ್ಸಿ ವಿರುದ್ಧ ಕಾಲಿನ ಮೂಳೆ ಮುರಿದಿದ್ದರೂ ಅವರು ಆಡಿದರು. ಅಲಬಾಮಾ 25–0 ಅಂತರದಿಂದ ಗೆದ್ದಿತು. ನೋವು ನುಂಗಿಕೊಳ್ಳುವವನೇ ಆಟಗಾರ ಎಂಬ ನಂಬಿಕೆಯನ್ನು ಅವರು ಮುಂದೆ ಇತರರ ಮೇಲೂ ಹೇರಿದರು. 1954ರಲ್ಲಿ ಟೆಕ್ಸಸ್ ಎ ಅಂಡ್ ಎಂ ತಂಡದ ಹೊಣೆ ಹೊತ್ತಾಗ ಆಟಗಾರರನ್ನು ಜಂಕ್ಷನ್ ಎಂಬ ಊರಿಗೆ ಕರೆದೊಯ್ದು, ಬರಗಾಲದ ಬಿರುಬಿಸಿಲಿನಲ್ಲಿ, ಅಭ್ಯಾಸದ ನಡುವೆ ನೀರು ಕುಡಿಯಲೂ ಬಿಡದೆ ದಂಡಿಸಿದರು. ಹಲವರು ರಾತ್ರೋರಾತ್ರಿ ಜಾಗ ಖಾಲಿ ಮಾಡಿದರು. ಒಬ್ಬ ಆಟಗಾರ ಬಿಸಿಲಿನ ಹೊಡೆತಕ್ಕೆ ಕುಸಿದು ಸಾವಿನ ದವಡೆಯಿಂದ ಪಾರಾದ. ಆ ವರ್ಷ ಹತ್ತು ಪಂದ್ಯಗಳಲ್ಲಿ ತಂಡ ಗೆದ್ದದ್ದು ಒಂದನ್ನು ಮಾತ್ರ. 1956ರಲ್ಲಿ ಅದೇ ತಂಡ ಒಂದೂ ಸೋಲಿಲ್ಲದೆ ಸೌತ್‌ವೆಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ಲೀಗ್‌ನ ಪ್ರಶಸ್ತಿ ಪಡೆದಾಗ ಶ್ರೇಯಸ್ಸೆಲ್ಲ ಆ ಶಿಬಿರಕ್ಕೆ ಸಂದಿತು. ನಾನು ಅದನ್ನು ಒಪ್ಪುವುದಿಲ್ಲ. ಆ ತಂಡದ ಆಧಾರಸ್ತಂಭಗಳಲ್ಲಿ ಒಬ್ಬರಾಗಿದ್ದ, 1957ರಲ್ಲಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ ಜಾನ್ ಡೇವಿಡ್ ಕ್ರೋ ಜಂಕ್ಷನ್‌ಗೆ ಹೋದವರೇ ಅಲ್ಲ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಬ್ರಯಂಟ್ ಎಂದರೆ ಬರೀ ಕಾಠಿಣ್ಯವಲ್ಲ. 1936ರಿಂದ 1940ರವರೆಗೆ ಅವರು ತಮ್ಮದೇ ತರಬೇತುದಾರರಾಗಿದ್ದ ಫ್ರಾಂಕ್ ಥಾಮಸ್ ಅವರ ಸಹಾಯಕರಾಗಿದ್ದರು. ಥಾಮಸ್ ಸ್ವತಃ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಪ್ರಸಿದ್ಧ ತರಬೇತುದಾರ ಕ್ನೂಟ್ ರಾಕ್ನಿ ಅವರ ಕೈಕೆಳಗೆ ಆಡಿದವರು. ಮೈದಾನದ ಧೈರ್ಯಕ್ಕಿಂತ ಈ ಗುರುಪರಂಪರೆಯೇ ಹೆಚ್ಚು ಉಪಯೋಗಕ್ಕೆ ಬಂದಿತೆಂದು ನನ್ನ ಅಭಿಪ್ರಾಯ. ಇನ್ನೊಬ್ಬರ ಖ್ಯಾತಿಯ ಪಕ್ಕದಲ್ಲಿ ಆಡಿದ್ದರಿಂದಲೋ ಏನೋ, ಅವರಿಗೆ ಯಾವ ಒಂದು ಶೈಲಿಯ ಮೇಲೂ ಮಮಕಾರವಿರಲಿಲ್ಲ. ಅಲಬಾಮಾದ ತರಬೇತುದಾರರಾಗಿ, ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ದಾಳಿ ನಡೆಸುವ ಆಟಗಾರ) ಜೋ ನೇಮತ್ ಇದ್ದಾಗ ಪಾಸ್‌ಗಳನ್ನು ನಂಬಿದರು. 1969 ಮತ್ತು 1970ರಲ್ಲಿ ತಂಡ ತಲಾ ಆರು ಪಂದ್ಯಗಳನ್ನಷ್ಟೇ ಗೆದ್ದು ಸೊರಗಿದಾಗ, ಟೆಕ್ಸಸ್ ವಿಶ್ವವಿದ್ಯಾಲಯದ ತರಬೇತುದಾರ ಡ್ಯಾರೆಲ್ ರಾಯಲ್ ಅವರಿಂದ ವಿಶ್‌ಬೋನ್ ವ್ಯೂಹವನ್ನು ಕಲಿತು, ಚೆಂಡನ್ನು ಹಿಡಿದು ಓಡುವ ಆಟಕ್ಕೆ ಹೊರಳಿದರು. ಈ ಬದಲಾವಣೆಯನ್ನು ಗುಟ್ಟಾಗಿಟ್ಟು 1971ರ ಮೊದಲ ಪಂದ್ಯದಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡವನ್ನು 17–10ರಿಂದ ಮಣಿಸಿದರು. ಐವತ್ತೇಳನೆಯ ವಯಸ್ಸಿನಲ್ಲಿ, ಮೂರು ರಾಷ್ಟ್ರೀಯ ಪ್ರಶಸ್ತಿಗಳು ಕೈಯಲ್ಲಿರುವಾಗ ಹೀಗೆ ಹೊಸ ಪಾಠಕ್ಕೆ ಕೂರುವವರು ವಿರಳ.

ಉತ್ತರ 3:
ಆಟದ ದಿನಗಳಿಂದ ಉಳಿದುಬಂದದ್ದರಲ್ಲಿ ಬಿಳಿಯರಷ್ಟೇ ಇದ್ದ ತಂಡವೂ ಸೇರಿದೆ ಎಂಬುದನ್ನು ಮರೆಯಬಾರದು. 1970ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡದ ಕಪ್ಪು ಆಟಗಾರ ಸ್ಯಾಮ್ ಕನ್ನಿಂಗ್‌ಹ್ಯಾಮ್ ಅವರ ಆಟದಿಂದಾಗಿ 42–21ರಲ್ಲಿ ಸೋತ ಮೇಲೆಯೇ ಅಲಬಾಮಾ ಕಪ್ಪು ಆಟಗಾರರಿಗೆ ಬಾಗಿಲು ತೆರೆಯಿತೆಂಬುದು ದಂತಕಥೆ. ವಾಸ್ತವವಾಗಿ ಕಪ್ಪು ಆಟಗಾರ ವಿಲ್ಬರ್ ಜಾಕ್ಸನ್ ಆಗಲೇ ವಿದ್ಯಾರ್ಥಿವೇತನ ಪಡೆದು ಸೇರಿದ್ದರು. ಮೊದಲ ವರ್ಷದವರು ಆಡುವಂತಿರಲಿಲ್ಲ, ಅಷ್ಟೆ. ಜಾನ್ ಮಿಚೆಲ್ 1971ರಲ್ಲಿ ಮೊದಲಿಗರಾಗಿ ಆಡಿದರು. ಹಾಗೆಂದು ಬ್ರಯಂಟ್ ಅವರು ಅಲ್ಲಿಗೆ ತರಬೇತುದಾರರಾಗಿ ಬಂದದ್ದು 1958ರಲ್ಲಿ ಎಂಬುದನ್ನು ನೆನೆದರೆ ವಿಳಂಬ ಸಣ್ಣದೇನಲ್ಲ.

ಪ್ರಶ್ನೆ ಕೇಳಿದವರು:
ವಿವರಗಳಿಗೆ ಕೃತಜ್ಞತೆಗಳು. ಹಾಗಾದರೆ ಸಾಧಾರಣ ಆಟಗಾರರೇ ಉತ್ತಮ ತರಬೇತುದಾರರಾಗುತ್ತಾರೆ ಎನ್ನಬಹುದೇ? ಹಟ್ಸನ್ ಅವರು ಗ್ರೀನ್ ಬೇ ಎಂಬ ವೃತ್ತಿಪರ ತಂಡದ ಸಹಾಯಕ ತರಬೇತುದಾರರಾಗಿದ್ದರೇ ಹೊರತು ಮುಖ್ಯ ತರಬೇತುದಾರರಾಗಲಿಲ್ಲ.

ಉತ್ತರ 2 ಬರೆದವರು:
ಹಾಗೆನ್ನಲಾಗದು. ಸ್ಟೀವ್ ಸ್ಪರಿಯರ್ ಫ್ಲೋರಿಡಾದ ಕ್ವಾರ್ಟರ್‌ಬ್ಯಾಕ್ ಆಗಿ 1966ರ ಹೈಸ್‌ಮನ್ ಗೆದ್ದರು, ಅಲ್ಲಿಯೇ ತರಬೇತುದಾರರಾಗಿ 1996ರ ರಾಷ್ಟ್ರೀಯ ಪ್ರಶಸ್ತಿಯನ್ನೂ ತಂದರು. ಆದರೆ ಅವರ ತಂಡ ತಾವು ಆಡಿದಂತೆಯೇ ಪಾಸ್‌ಗಳನ್ನು ನೆಚ್ಚಿತ್ತು. ಅವರ ಶಿಷ್ಯ ಡ್ಯಾನಿ ವರ್ಫೆಲ್ ಅದೇ ಸ್ಥಾನದಲ್ಲಿ ಆಡಿ ಅದೇ ಹೈಸ್‌ಮನ್ ಪಡೆದರು.